ಜೈತುನಬಿ ಹೇಳದ್ದು

ಜೈತುನಬಿ ಹೊರಗೆ ಬಂದಳು. ಏನೂ ಹೇಳಲಿಲ್ಲ.

ಪರದೆಯ ಈಚೆ ಕಾದಿದ್ದ ಹೆಂಗಸರು ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ಬನಹಟ್ಟಿಯ ಆ ಓಣಿಯಲ್ಲಿ ಯಾವ ಮುಸಲ್ಮಾನ ಹೆಂಗಸು ಸತ್ತರೂ ಮೈ ತೊಳೆಯುವವಳು ಜೈತುನಬಿ. ತೊಳೆದು, ಕಫನ್ ಬಟ್ಟೆ ಸುತ್ತಿ, ಹೊರಬಂದು ಒಂದು ಮಾತು ಹೇಳುವುದು ಆಕೆಯ ರೂಢಿ: ಮೈ ಹೂವಿನಂತಿತ್ತು, ಮುಖ ಬೆಳಗುತ್ತಿತ್ತು. ಮನೆಯವರ ಎದೆ ಅಷ್ಟಕ್ಕೇ ತಣ್ಣಗಾಗುತ್ತಿತ್ತು. ಒಳ್ಳೆಯದು ಕಂಡರೆ ಹೇಳಬೇಕು. ಕೆಟ್ಟದ್ದು ಕಂಡರೆ ಸಾಯುವವರೆಗೂ ಬಾಯಿ ಮುಚ್ಚಿಕೊಂಡಿರಬೇಕು. ತೊಳೆಯುವವರ ಧರ್ಮ ಅದು. ಓಣಿಗೆಲ್ಲ ಗೊತ್ತಿದ್ದ ಮಾತು.

ಹೋದ ಮಳೆಗಾಲದಿಂದ ಈಚೆಗೆ ಓಣಿಯಲ್ಲಿ ಯಾವ ಹೆಂಗಸೂ ಸತ್ತಿರಲಿಲ್ಲ. ಈಗ ಸತ್ತವಳ ಬಗ್ಗೆ ಜೈತುನಬಿ ಏನೂ ಹೇಳಲಿಲ್ಲ. ಆ ಹೇಳದ್ದನ್ನು ಎಲ್ಲರೂ ಕೇಳಿಸಿಕೊಂಡರು.

ಸತ್ತವಳು ಚಾಂದಬಿ, ನೂಲಿಗೆ ಬಣ್ಣ ಹಾಕುವ ಬಂದೇನವಾಜನ ತಾಯಿ. ಸೊಸೆ ಸುಗರಾ ಕೊಟ್ಟ ಅಂಬಲಿ ಕುಡಿದವಳು ಹೊತ್ತೇರುವಷ್ಟರಲ್ಲಿ ಹೋಗಿಬಿಟ್ಟಳು. ಹಿಂದಿನ ದಿನವಷ್ಟೇ ಅತ್ತೆ ಸೊಸೆ ಜಗಳಾಡಿದ್ದರು. ಹಿತ್ತಲಿನ ತುಂಬ ಬಣ್ಣದ ಮದ್ದಿನ ಡಬ್ಬಿಗಳು. ಅದನ್ನು ನೆಕ್ಕಿದ ಎಮ್ಮೆಯೂ ಉಳಿಯುತ್ತಿರಲಿಲ್ಲ.

ಮೈ ತೊಳೆಯುವಾಗ ನೀರು ಸುರಿದವಳು ಸುಗರಾ ಒಬ್ಬಳೇ. ಹೊರಬರುವಾಗ ಜೈತುನಬಿಯ ಮೊಣಕೈ ಹಿಡಿದುಕೊಂಡಿದ್ದವಳೂ ಅವಳೇ. ಬಿಗಿಯಾಗಿ.

ಚಾಂದಬಿಯ ಮಗಳು ಹಾಜರಾ ಮುಧೋಳದಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ಅವಳು ಅಳಲಿಲ್ಲ. ಕೇಳಿದಳು:

"ಜೈತುನ ಖಾಲಾ ಏನಂದ್ಲು?"

"ಏನೂ ಅನ್ಲಿಲ್ಲ," ಎಂದಳು ಒಬ್ಬಳು. ಹಾಜರಾ ಅಣ್ಣನ ಕಡೆ ತಿರುಗಿದಳು. "ನೀ ನೋಡಿದ್ಯೋ ಇಲ್ಲೋ?"

"ಮುಖ ಅಷ್ಟ ನೋಡೀನಿ. ಕಫನ್ ಸುತ್ತಿಬಿಟ್ಟಿದ್ರು," ಎಂದ ಬಂದೇನವಾಜ.

"ವಿಷ ಮುಖಕ್ಕ ಹತ್ತೂದಿಲ್ಲೋ ಹುಚ್ಚಪ್ಪಾ! ಉಗುರಿಗೆ ಹತ್ತತೈತಿ. ಎದಿಗೆ ಹತ್ತತೈತಿ."

"ಉಗುರು ಛಲೋ ಇದ್ದೂ," ಎಂದಳು ಸುಗರಾ. "ನಾ ನೋಡೀನಿ."

"ನೀ ನೋಡೇ ಇರ್ತಿ ಬಿಡವ್ವಾ. ನಿನ್ನ ಬಿಟ್ಟು ಇನ್ನೊಬ್ರು ಹೇಳ್ಲಿ."

ಒಳಗಿದ್ದ ಇನ್ನೊಬ್ಬಳು ಜೈತುನಬಿ ಮಾತ್ರ.

ಹಾಜರಾಳ ಫಿರ್ಯಾದಿಯ ಮೇಲೆ ಮರುದಿನ ಜಮಖಂಡಿಯಿಂದ ಸಂಸ್ಥಾನದ ಫೌಜದಾರ ರೇವಪ್ಪ ಬಂದ. ಜೈತುನಬಿ ತನ್ನ ಮನೆಯಲ್ಲಿ ಮಗ್ಗದ ಪಕ್ಕ ಕುಳಿತು ಎಳೆಗಳನ್ನು ಬೆರಳಿನಿಂದ ಸವರುತ್ತಿದ್ದಳು.

"ಉಗುರು ನೀಲಿ ಇದ್ದೂ ಏನಮ್ಮಾ?"

"ಹೇಳಾಕ ಆಗೂದಿಲ್ರಿ."

"ಇರಲಿಲ್ಲ ಅಂತನರ ಹೇಳು, ಎದ್ದು ಹೋಗ್ತೀನಿ. ಈ ಬಿಸಲಾಗ ಮುದುಕ್ಯಾರ ಜೋಡಿ ಹರಟಿ ಹೊಡಿಯೂ ಹೌಸು ನನಗೂ ಇಲ್ಲ."

"ಅದನ್ನೂ ಹೇಳಾಕ ಆಗೂದಿಲ್ರಿ. ಸುಳ್ಳು ಹೇಳಿದ ಬಾಯಿಲೆ ಇನ್ನೊಬ್ರ ಮಯ್ಯತ್ ಮುಂದ ಕಲ್ಮಾ ಹೆಂಗ ಓದಲಿ?"

ಮಾತಾಡುವಾಗ ಆಕೆ ಫೌಜದಾರನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವನ ಹೆಗಲಾಚೆಯ ಗೋಡೆಯ ಕಡೆ ಮುಖ ಮಾಡಿದ್ದಳು. ರೇವಪ್ಪ ಬಹಳ ಸಾಕ್ಷಿಗಳನ್ನು ಕಂಡವನು. ಅಂಥ ನೋಟದ ಅರ್ಥ ಅವನಿಗೆ ಗೊತ್ತಿತ್ತು.

"ಆತು. ಸೊಸಿನ್ನ ಈಗ ಜಮಖಂಡಿಗೆ ಒಯ್ತೀನಿ. ನಾಳಿ ಗೋರಿ ತೆಗಸ್ತೀನಿ."

ಎಳೆಯ ಮೇಲಿನ ಬೆರಳು ನಿಂತಿತು.

ಮಸೀದಿಯ ಕಟ್ಟೆಯ ಮೇಲೆ ಗಂಡಸರು ಆಕೆಯನ್ನು ಹೊಗಳಿದರು. ಕೊಲೆಗಾರ್ತಿಯ ಐಬನ್ನೂ ಮುಚ್ಚುವ ಹೆಂಗಸು! ಫೌಜದಾರನಿಗೂ ಬಗ್ಗಲಿಲ್ಲ. ಒಳ್ಳೆಯ ನಡತೆ ಅಂದರೆ ಇದು, ಮಕ್ಕಳಿಗೆ ಇಂಥವರನ್ನು ತೋರಿಸಬೇಕು ಎಂದರು ಮೌಲ್ವಿಗಳು. ಹೊಗಳಿದಷ್ಟೂ ಸುಗರಾಳ ಕೊರಳಿಗೆ ಉರುಳು ಬಿಗಿಯುತ್ತಿತ್ತು.

ಬಂದೇನವಾಜನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಿತ್ತಲಿಗೆ ಹೋದ, ಬಂದ, ಮತ್ತೆ ಹೋದ. ಕೊನೆಗೆ ಬಟ್ಟೆ ಗಂಟು ಕಟ್ಟುತ್ತಿದ್ದ ಹೆಂಡತಿಯ ಎದುರು ನಿಂತ.

"ಜೈತುನ ಖಾಲಾ ಯಾಕ ಬಾಯಿ ಬಿಡವಲ್ಲಳು?"

"ಆಕಿನ್ನ ಕೇಳಬ್ಯಾಡ್ರಿ."

"ಕೇಳಬಾರ್ದಂತ! ನಿನ್ನ ಕುತಿಗಿಗೆ ಬಂದೈತಿ ಲೇ. ಒಳಗ ಏನ ಮುಚ್ಚಿಟ್ಟೀರಿ ನೀವಿಬ್ರೂ? ಖರೆ ಹೇಳು."

ಸುಗರಾ ಗಂಟು ಬಿಗಿದಳು. "ಮುದುಕಿಗೆ ಉಳದದ್ದು ಅದೊಂದ ಕೆಲಸ, ಅದೊಂದ ಮಾನ. ಅದಕ್ಕ ಕೈ ಹಚ್ಚಬ್ಯಾಡ್ರಿ. ನಂದು ಅಲ್ಲಾಹ್ ನೋಡ್ಕೋತಾನ."

ಏನೋ ಇತ್ತು. ಇಲ್ಲ ಎಂದು ಅವಳು ಹೇಳಲೇ ಇಲ್ಲ. ಬಂದೇನವಾಜ ಒಂದು ಹೆಜ್ಜೆ ಹಿಂದೆ ಸರಿದ. ಆ ಕ್ಷಣದಿಂದ ಅವನೂ ಹಾಜರಾಳ ಕಡೆಯವನಾದ.

ಮಟಮಟ ಮಧ್ಯಾಹ್ನ. ಬಾಗಿಲ ಮುಂದೆ ಚಕ್ಕಡಿ ಹೂಡಿತ್ತು. ಓಣಿಗೆ ಓಣಿಯೇ ನೆರೆದಿತ್ತು. ಸುಗರಾ ಗಾಲಿಯ ಬಳಿ ನಿಂತಿದ್ದಳು, ಪಕ್ಕದಲ್ಲಿ ರೇವಪ್ಪ.

"ಹತ್ತವ್ವ ರಾಣಿ, ಹತ್ತು," ಎಂದಳು ಹಾಜರಾ. "ನಮ್ಮವ್ವಗ ಅಂಬಲಿ ಕೊಟ್ಟ ಕೈಯಿಲೆ ಈಗ ಚಕ್ಕಡಿ ಹಿಡಿ."

ಸುಗರಾ ತಿರುಗಿ ನೋಡಲಿಲ್ಲ. ಕಾಲು ಎತ್ತಿ ಇಟ್ಟಳು.

ಆಗ ಓಣಿಯ ತುದಿಯಲ್ಲಿ ಜೈತುನಬಿ ಕಾಣಿಸಿದಳು. ತಲೆಯ ಸೆರಗು ಜಾರಿತ್ತು. ಒಂದು ಕೈ ಗೋಡೆ ಸವರುತ್ತ ಓಡಿ ಬರುತ್ತಿದ್ದಳು. ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಜನ ದಾರಿ ಬಿಟ್ಟರು. ಆಕೆ ಚಕ್ಕಡಿಯವರೆಗೆ ಬಂದು, ಸಿಕ್ಕ ತೋಳನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು.

"ಸುಗರಾ, ಹೋಗಬ್ಯಾಡ ಬೇಟಿ! ನೀರು ಸುರಿಯೂ ಮುಂದನ ನಿನಗ ತಿಳದಿತ್ತು, ಆದ್ರೂ ಒಬ್ರ ಮುಂದ ಆಡಲಿಲ್ಲ. ಸಾಕವ್ವ, ಇನ್ನ ನನ್ನ ಐಬು ಮುಚ್ಚಬ್ಯಾಡ. ಫೌಜದಾರಗ ಹೇಳಿಬಿಡು."

ಕಣ್ಣು ತೆರೆದೇ ಇದ್ದವು. ಆಕೆ ಹಿಡಿದುಕೊಂಡಿದ್ದದ್ದು ಸುಗರಾಳ ತೋಳನ್ನಲ್ಲ, ಫೌಜದಾರ ರೇವಪ್ಪನ ತೋಳನ್ನು.