ಹನ್ನೆರಡು ಸೆಕೆಂಡಿನ ಲಾಗಿನ್

ಮರುದಿನ ಸಂಜೆ ನಾಲ್ಕಕ್ಕೆ ಆ ಸರ್ವರ್ ಶಾಶ್ವತವಾಗಿ ಬಂದ್ ಆಗಲಿತ್ತು...

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಕಚೇರಿ. ಊರೂರಿನ ವರದಿಗಾರರು ಹತ್ತೊಂಬತ್ತು ವರ್ಷ ಸುದ್ದಿ, ಫೋಟೊ ಕಳಿಸಿದ್ದು ಇದೊಂದೇ ಕಂಪ್ಯೂಟರಿಗೆ.

ಅದನ್ನು ಮೊದಲ ದಿನದಿಂದ ನೋಡಿಕೊಂಡವರು ಪದ್ಮಾವತಿ ಹಂಚಿನಾಳ. ಮೌಸ್ ಇಲ್ಲ, ಚಿತ್ರಗಳಿಲ್ಲ... ಕಪ್ಪು ಪರದೆ, ಬಿಳಿ ಅಕ್ಷರ. ಪ್ರತಿ ಕೆಲಸಕ್ಕೂ ಒಂದು ಕಮಾಂಡ್ ಟೈಪ್ ಮಾಡಬೇಕು.

ಅವರಿಗೊಂದು ಅಭ್ಯಾಸ. ಲಾಗಿನ್ ಆದವರಿಗೆ ಮೊದಲು ಕಾಣುವ ಸ್ವಾಗತದ ಸಾಲನ್ನು ದಿನಾ ಬೆಳಿಗ್ಗೆ ಹೊಸದಾಗಿ ಬರೆಯುತ್ತಿದ್ದರು. ಕನ್ನಡವನ್ನೇ, ಇಂಗ್ಲಿಷ್ ಅಕ್ಷರಗಳಲ್ಲಿ.

‘ಇಂದು ಪುಟ ಬೇಗ ಮುಗಿಯುತ್ತದೆ, ಆರಕ್ಕೇ ಕಳಿಸಿ.’ ‘ಫೋಟೊದಲ್ಲಿ ಇದ್ದವರ ಹೆಸರು ಎಡದಿಂದ ಬರೆಯಿರಿ.’

ಕೊನೆಗೆ ತಪ್ಪದೆ ಒಂದು ಪ್ರಶ್ನೆ... ‘ಊಟ ಆತೇನ್ರಿ?’

ಅದಕ್ಕೆ ಉತ್ತರ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಯಾರೂ ಬರೆದಿರಲಿಲ್ಲ.

“ಆ ಸಾಲು ಇನ್ನೂ ಯಾಕೆ ಬರೀತೀರಾ ಮೇಡಂ?” ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥ ಪ್ರಸನ್ನ ನಗುತ್ತ ಕೇಳಿದ. “ಮೌಸ್‌ನಲ್ಲಿ ಫೈಲ್ ಎಳೆದುಬಿಡೋ ಸಾಫ್ಟ್‌ವೇರ್ ಬಂದಾಗಿನಿಂದ ಅದು ಯಾರ ಕಣ್ಣಿಗೂ ಬೀಳಲ್ಲ. ಈಗಂತೂ ಎಲ್ಲರೂ ಹೊಸ ಆ್ಯಪ್‌ಗೆ ಬಂದಾಯ್ತು.”

ಪದ್ಮಾವತಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಚುರುಕ್ಕೆಂದಿತು... ಇಷ್ಟು ವರ್ಷ ಬರೆದದ್ದು ಬರೀ ಗಾಳಿಗೇ?

ಕೊನೆಯ ಸಲ ಸರ್ವರಿನ ಲಾಗ್ ತೆರೆದರು. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಕಳಿಸಿದರು ಎಂಬ ದಾಖಲೆ ಅದು.

ಮೂರು ತಿಂಗಳಿಂದ ಅಲ್ಲಿ ಒಂದೇ ಹೆಸರು. ಮುದ್ದೇಬಿಹಾಳದ ವರದಿಗಾರ ಇಮಾಮಸಾಬ ನದಾಫ.

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಾರೆ... ಏನೂ ಕಳಿಸುವುದಿಲ್ಲ... ಹನ್ನೆರಡು ಸೆಕೆಂಡಿಗೆ ಹೊರಟುಹೋಗುತ್ತಾರೆ.

ಪದ್ಮಾವತಿ ಫೋನ್ ಮಾಡಿದರು.

“ನದಾಫರ, ಆ್ಯಪ್ ನಡೀವಲ್ದೇನ್ರಿ?”

“ಛಲೋ ನಡದದ್ರಿ ಮೇಡಂ. ಫೋಟೊ ಎಲ್ಲಾ ಅದರಾಗ ಕಳಸ್ತೀನಿ.”

“ಮತ್ತ ಹಳೇ ಸರ್ವರಿಗೆ ದಿನಾ ಯಾಕ ಬರ್ತೀರಿ? ನಾಳೆ ಅದನ್ನ ಬಂದ್ ಮಾಡ್ತಾರ.”



“ನಾಳೆ ನಾನ ಬರ್ತೀನ್ರಿ. ನಾ ಬರೂತನಕ ಬಂದ್ ಮಾಡಬ್ಯಾಡ್ರಿ.”

ಮರುದಿನ ಮೂರೂವರೆಗೆ, ಎರಡು ಬಸ್ ಬದಲಿಸಿ, ಧೂಳು ಮೆತ್ತಿದ ಚಪ್ಪಲಿಯಲ್ಲಿ ನದಾಫ ಬಂದು ನಿಂತರು.

“ಏನ್ ಸಾರ್, ಸರ್ವರ್‌ಗೆ ಹಾರ ತಂದಿಲ್ವಾ?” ಪ್ರಸನ್ನ ಚೇಷ್ಟೆ ಮಾಡಿದ.

“ಹಾರ ಸತ್ತವರಿಗೆ ಹಾಕ್ತಾರ ತಮ್ಮಾ. ಇದು ನನ್ನ ನೌಕರಿ ಉಳಿಸಿದ್ದು.”

ಆಮೇಲೆ ಪದ್ಮಾವತಿಯ ಕಡೆ ತಿರುಗಿದರು. “ಹೊಳಿ ತುಂಬಿದ ವರ್ಷ ನೆನಪದ ಏನ್ರಿ ಮೇಡಂ?”

ಹದಿನಾರು ವರ್ಷದ ಹಿಂದಿನ ನೆರೆಯ ಮಾತು. ಬಾಣಂತಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ತೆಪ್ಪದಲ್ಲಿ ದಡ ಸೇರಿದ್ದಳು. ಆ ಫೋಟೊ ಇದ್ದದ್ದು ನದಾಫರ ಬಳಿ ಮಾತ್ರ. ಕಚೇರಿಯಲ್ಲಿ ಮೊದಲ ಪುಟದಲ್ಲಿ ಜಾಗ ಬಿಟ್ಟು ಕಾದಿದ್ದರು.

ಫೋಟೊ ಕಳಿಸುವ ಮುನ್ನ ‘ಬೈನರಿ’ ಎಂಬ ಕಮಾಂಡ್ ಕೊಡಬೇಕಿತ್ತು. ಕೊಡದಿದ್ದರೆ ಕಂಪ್ಯೂಟರ್ ಫೋಟೊವನ್ನೂ ಬರಹವೆಂದೇ ತಿಳಿದು ಕೆಡಿಸಿಬಿಡುತ್ತಿತ್ತು.

ಸೈಬರ್ ಕೆಫೆಯಲ್ಲಿ ಕುಳಿತ ನದಾಫ ಅವಸರದಲ್ಲಿ ಅದನ್ನು ಮರೆತರು. ಕ್ಯಾಮೆರಾದ ಕಾರ್ಡಿನಿಂದ ನೇರ ಕಳಿಸಿ, ಜಾಗ ಬೇಕೆಂದು ಕಾರ್ಡ್ ಅಳಿಸಿ, ಮತ್ತೆ ಹೊಳೆಯತ್ತ ಓಡಿದರು.

ಇಲ್ಲಿ ಫೈಲ್ ತೆರೆದರೆ ಬರೀ ಬೂದು ಪಟ್ಟಿಗಳು...

“ಸಂಪಾದಕರು ‘ಕ್ಯಾಮೆರಾ ಮಾರಿ ಎಮ್ಮಿ ತಗೋ’ ಅಂದ್ರು. ಮರುದಿನ ರಾಜೀನಾಮೆ ಕಳಸಲಿಕ್ಕೆ ಲಾಗಿನ್ ಆದೆ. ನಿಮ್ಮ ಸಾಲು ಬಂತು.”

ನದಾಫ ಅದನ್ನು ಬಾಯಿಪಾಠ ಹೇಳಿದರು:

‘ನಿನ್ನೆ ಫೋಟೊ ಕೆಟ್ಟದ್ದು ನನ್ನ ತಪ್ಪಿನಿಂದ. ಬೈನರಿ ಕಮಾಂಡ್ ಹೇಳಿಕೊಡಲು ಮರೆತಿದ್ದೆ. ಊಟ ಆತೇನ್ರಿ?’

“ಆದ್ರ ಮೇಡಂ, ತರಬೇತಿಯೊಳಗ ನೀವು ಅದನ್ನ ಎರಡು ಸಲ ಹೇಳಿದ್ರಿ. ನಾ ಬರಕೊಂಡೂ ಇದ್ದೆ. ತಪ್ಪು ನಂದ ಇತ್ತು.”

ನದಾಫ ಕಪ್ಪು ಪರದೆಯತ್ತ ಬೆರಳು ತೋರಿಸಿದರು.

“ಊಟ ಆತೇನ್ರಿ ಅಂತ ನೀವು ಕೇಳಲಿಕ್ಕೆ ಸುರು ಮಾಡಿದ್ದ ಅವತ್ತ. ಹಿಂದಿನ ದಿನದಿಂದ ನಾ ಉಂಡಿದ್ದಿಲ್ಲರಿ. ರಾಜೀನಾಮೆ ಅಳಿಸಿ, ಹೋಗಿ ರೊಟ್ಟಿ ತಿಂದೆ. ಅವತ್ತಿಂದ ಆ ಸಾಲು ಓದಿಯೇ ಕೆಲಸಕ್ಕ ಹೊರಡ್ತೀನಿ. ಅದು ಕಪ್ಪು ಪರದೆದಾಗ ಮಾತ್ರ ಕಾಣ್ತದ... ಅದಕ್ಕ ಇದನ್ನ ಬಿಡಲಿಲ್ಲ.”

ಪದ್ಮಾವತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನನಗ ನೆನಪ ಇಲ್ಲ ನೋಡ್ರಿ...”

ಪ್ರಸನ್ನ ಸದ್ದಿಲ್ಲದೆ ತನ್ನ ಕುರ್ಚಿಯನ್ನು ನದಾಫರ ಕಡೆ ಸರಿಸಿದ.

ಗಂಟೆ ಮೂರು ಐವತ್ತು. ಪದ್ಮಾವತಿ ಸ್ವಾಗತದ ಸಾಲಿನ ಫೈಲ್ ತೆರೆದು ಕೀಬೋರ್ಡ್ ನದಾಫರ ಮುಂದಿಟ್ಟರು.

“ಇವತ್ತಿಂದು ನೀವ ಬರೀರಿ.”

ನದಾಫ ಎರಡೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

ಪದ್ಮಾವತಿ ಪಕ್ಕದ ಕಂಪ್ಯೂಟರಿನಿಂದ ತಮ್ಮದೇ ಸರ್ವರಿಗೆ ಲಾಗಿನ್ ಆದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಆ ಜಾಗದಲ್ಲಿ ಬೇರೆಯವರು ಬರೆದ ಸಾಲು ಕಂಡಿತು:

‘ಊಟ ಆಗ್ಯದ್ರಿ ಮೇಡಂ... ನಿಮ್ದು?’

*

ನಾವು ಆಡಿ ಮರೆತ ಒಂದು ಒಳ್ಳೆಯ ಮಾತಿನಿಂದ, ಯಾರದೋ ದಿನ ಇವತ್ತಿಗೂ ಶುರುವಾಗುತ್ತಿರಬಹುದು.

ನಿಮ್ಮ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರು ಒಬ್ಬರಾದರೂ ಇರಬೇಕಲ್ಲವೇ... ಅವರ ಊಟ ಆಯಿತೇ ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?