ಮಾವ ಬಡಿದ ಮೊಳೆ

“ತೊಲೆಗಳೆಲ್ಲಿ?” ಮಹಡಿಯ ಹೊಸ ಹಲಗೆಗಳ ಮೇಲೆ ನಿಂತು ಕಟ್ಟಡ ಇನ್ಸ್‌ಪೆಕ್ಟರು ಕೇಳಿದರು.

“ನಿಮ್ಮ ಕಾಲಡಿಯಲ್ಲೇ ಇವೆ ಸ್ವಾಮಿ,” ಎಂದರು ಮಾವ. “ಹಲಗೆ ನಾನೇ ಬಡಿದಿದ್ದು. ಆನೆ ಬಂದ್ರೂ ಅಲ್ಲಾಡಲ್ಲ.” ಹಳೆಯ ತೊಲೆ ತೆಗೆದು ಹೊಸದು ಕೂರಿಸಿದವಳು ಬಡಗಿ ಸೊಸೆ. ಮಹಡಿಯ ತಮ್ಮ ಕೋಣೆ ಬಿಟ್ಟು ಅಡುಗೆಮನೆಯಲ್ಲಿ ಮಲಗಿ ಬೇಸತ್ತಿದ್ದ ಮಾವ, ತಪಾಸಣೆಗೂ ಕಾಯದೆ ನಿನ್ನೆಯೇ ತೊಲೆಗಳ ಮೇಲೆ ಹಲಗೆ ಬಡಿದು ಮುಚ್ಚಿಬಿಟ್ಟಿದ್ದರು.

“ತೊಲೆ ನೋಡದೆ ಒಪ್ಪಿಗೆ ಕೊಡೋ ಹಾಗಿಲ್ಲ, ನಿಯಮ. ಒಡೆದು ತೆಗೀರಿ.”

ಮಾವನ ಮುಖ ಸಪ್ಪಗಾಯಿತು. ಒಡೆದರೆ ಹಲಗೆಯೂ ಹೋಯಿತು, ಕೋಣೆಯೂ ಹೋಯಿತು. ಮತ್ತೆ ಒಲೆಯ ಪಕ್ಕದ ಚಾಪೆಯೇ ಗತಿ. ಸೊಸೆ ಮಾತ್ರ ಸುತ್ತಿಗೆಯ ಕೊಕ್ಕೆಯನ್ನು ಹಲಗೆಯಂಚಿಗೆ ತೂರಿಸಿ ಮೆಲ್ಲಗೆ ಎತ್ತಿದಳು. ಡಬ್ಬಿಯ ಮುಚ್ಚಳದಂತೆ ಅದು ಎದ್ದು ಬಂತು. ಇನ್ಸ್‌ಪೆಕ್ಟರು ಮಂಡಿಯೂರಿ, ಗೋಡೆಯೊಳಗೆ ಭದ್ರವಾಗಿ ಕೂತಿದ್ದ ತೊಲೆಯ ತುದಿಗಳನ್ನು ತಟ್ಟಿ ನೋಡಿ, “ಸರಿಯಾಗಿದೆ” ಎಂದರು.

ಮಾವ ಕಿತ್ತು ಬಂದ ಮೊಳೆಯನ್ನು ಅಂಗೈಯಲ್ಲಿಟ್ಟು ನೋಡಿದರು. ಹಲಗೆಯ ದಪ್ಪಕ್ಕಿಂತ ಅದು ಕೂದಲೆಳೆಯಷ್ಟೇ ಹೆಚ್ಚು ಉದ್ದವಿತ್ತು; ತೊಲೆಯೊಳಗೆ ಸರಿಯಾಗಿ ಇಳಿದೇ ಇರಲಿಲ್ಲ. “ಈ ಮೊಳೆ ಕೊಟ್ಟವಳು ನೀನೇ ಅಲ್ವೇನಮ್ಮ?”

“ನೀವು ಕಾಯೋರಲ್ಲ ಅಂತ ಗೊತ್ತಿತ್ತು ಮಾವ.” ಸೊಸೆ ಸೊಂಟದ ಚೀಲದಿಂದ ಉದ್ದದ ಮೊಳೆಗಳನ್ನು ತೆಗೆದು ಅವರ ಕೈಗಿಟ್ಟಳು. “ಈಗ ಬಡೀರಿ,” ಎಂದವಳು, ಥೇಟ್ ಮಾವನ ದನಿಯಲ್ಲೇ ಸೇರಿಸಿದಳು: “ಆನೆ ಬಂದ್ರೂ ಅಲ್ಲಾಡಲ್ಲ.”