ಗ್ರಹಣದ ನೇರಪ್ರಸಾರ

ಸೂರ್ಯಗ್ರಹಣದ ದಿನ. ಟಿವಿ ಸ್ಟುಡಿಯೋದಲ್ಲಿ ಈ ಕಡೆ ಜ್ಯೋತಿಷಿ ಗುರೂಜಿ, ಆ ಕಡೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಡಂ.

“ಗ್ರಹಣದಲ್ಲಿ ಒಂದು ತುತ್ತು ತಿಂದರೂ ಅದು ಅನ್ನವಲ್ಲ, ವಿಷ!” ಗುರೂಜಿ ಗುಡುಗಿದರು.

“ಏನೂ ಆಗಲ್ಲ. ಬ್ರೇಕ್ ಆದಮೇಲೆ ಇಲ್ಲೇ ತಿಂದು ತೋರಿಸ್ತೀನಿ,” ಎಂದರು ಮೇಡಂ.

ನಿರೂಪಕ ಕ್ಯಾಮೆರಾ ಕಡೆ ತಿರುಗಿದ. “ತಿಂತಾರಾ ಮೇಡಂ? ತಿಂದ್ರೆ ಉಳೀತಾರಾ ಮೇಡಂ? ಮೂರೇ ನಿಮಿಷದಲ್ಲಿ!”

ಮೇಡಂ ಕ್ಯಾಂಟೀನಿಗೆ ಓಡಿದರು. ಒಲೆ ತಣ್ಣಗಿತ್ತು.

“ಇವತ್ತು ಒಲೆ ಹಚ್ಚಬೇಡಿ ಅಂತ ಬೆಳಗಿಂದ ನಮ್ಮ ಚಾನೆಲ್ಲೇ ಬಡ್ಕೊಳ್ತಿದೆಯಲ್ಲ ಮೇಡಂ,” ಎಂದ ಅಡುಗೆಯವನು. ಒಂದು ಬಿಸ್ಕತ್ತೂ ಸಿಗಲಿಲ್ಲ.

ಮೇಡಂ ಬರಿಗೈಯಲ್ಲಿ ಬಂದು ಕೂತರು.

“ತಿನ್ನದಿದ್ರೆ ‘ಹೆದರಿದ ವಿಜ್ಞಾನ’ ಅಂತ ಹಾಕ್ತೀವಿ. ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದು ಹೇಳಿ ನಿರೂಪಕ ಪೌಡರ್ ಹಚ್ಚಿಸಿಕೊಳ್ಳಲು ಎದ್ದು ಹೋದ.

ಗುರೂಜಿ ಆಚೀಚೆ ನೋಡಿ, ಮೇಜಿನ ಕೆಳಗಿಂದ ಒಂದು ಸ್ಟೀಲ್ ಡಬ್ಬಿಯನ್ನು ಮೆಲ್ಲಗೆ ಮೇಡಂ ಕಡೆಗೆ ತಳ್ಳಿದರು. ಒಳಗೆ ಒಗ್ಗರಣೆ ಅವಲಕ್ಕಿ.

“ಅರ್ಧ ಉಳಿಸಿದೀನಿ, ತಗೊಳ್ಳಿ ಮೇಡಂ. ನಂಗೆ ಶುಗರ್ರು. ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಜೀವಕ್ಕೇ ಅಪಾಯ ಅಂದಿದಾರೆ ಡಾಕ್ಟರು.”